ಒಂದೇ ಚೀಟಿಯ ಎರಡು ಬ್ಯಾಗು

ಶಿವಾಜಿನಗರ

ವಿಮಾನ ಹತ್ತುವವರಿಗೆ ಎಲ್ಲರೂ ಏನೇನೋ ಉಪದೇಶ ಮಾಡುತ್ತಾರೆ. ಗಟ್ಟಿ ಬ್ಯಾಗು ತಗೊಳ್ಳಿ, ಉಪ್ಪಿನಕಾಯಿಗೆ ಎರಡು ಪ್ಲಾಸ್ಟಿಕ್ ಸುತ್ತಿ, ಕಿಟಕಿಯ ಪಕ್ಕ ಕೂಡಬೇಡಿ, ಎದ್ದು ಹೋಗಲು ತ್ರಾಸು. ನನ್ನ ಉಪದೇಶ ಒಂದೇ. ಬ್ಯಾಗಿಗೆ ಹಚ್ಚುವ ಚೀಟಿಯನ್ನು ಮನೆಯಲ್ಲೇ ಛಾಪಿಸಿಕೊಂಡು ಬನ್ನಿ ಎಂದು ಯಾವುದಾದರೂ ವಿಮಾನ ಕಂಪನಿ ಹೇಳಿದರೆ, ಸಾದಾ ಕಾಗದದ ಮೇಲೆ, ಸಾದಾ ಮಸಿಯಲ್ಲಿ, ಎಷ್ಟು ಸಾಧ್ಯವೋ ಅಷ್ಟು ಬಡವಾಗಿ ಛಾಪಿಸಿ. ಚೆಂದ ಮಾಡಲು ಹೋಗಬೇಡಿ. ನಾನು ಚೆಂದ ಮಾಡಲು ಹೋಗಿ, ಡೆನ್ಮಾರ್ಕಿನಲ್ಲಿ ನನ್ನ ಸ್ವಂತ ಬ್ಯಾಗಿನ ಮೇಲೆ ಕೈಯಿಟ್ಟು "ಇದು ನನ್ನದಲ್ಲ" ಎಂದು ಹೇಳಬೇಕಾಯಿತು.

ನನ್ನ ಧಂದೆಯೇ ಚೀಟಿ. ಪುಣೆಯ ಶಿವಾಜಿನಗರದಲ್ಲಿ ಕೋರ್ಟಿನ ಹಿಂದಿನ ಓಣಿಯಲ್ಲಿ ನನ್ನ ಸ್ಟಿಕರ್ ಛಾಪಖಾನೆ ಇದೆ. ಉಪ್ಪಿನಕಾಯಿ ಬಾಟಲಿ, ಊದುಬತ್ತಿ ಪುಡಿಕೆ, ಔಷಧದ ಡಬ್ಬಿ, ಇವುಗಳ ಮೇಲೆ ಹೊಳೆಯುವ ಕಾಗದ ನೋಡಿದರೆ ನನ್ನನ್ನು ನೆನೆಯಿರಿ. ಧಾರವಾಡ ಬಿಟ್ಟು ಬಂದಾಗ ಇನ್ನೊಬ್ಬರ ಮಷಿನ್ ಒರೆಸುತ್ತಿದ್ದೆ. ಈಗ ನನ್ನ ಮಷಿನ್‌ಗಳನ್ನು ಒರೆಸಲು ಜನ ಇದ್ದಾರೆ. ಇದರ ಹಿಂದೆ ಎರಡು ಗುಟ್ಟು. ಮೊದಲನೆಯದು, ಎದುರಿನವನು ಹೇಳಿದ ಮೊದಲ ದರಕ್ಕೆ ನಾನು ಜನ್ಮದಲ್ಲಿ ಹೂಂ ಅಂದವನಲ್ಲ. ಎರಡನೆಯದು ನನ್ನ ಅಂಟು. ನನ್ನ ಸ್ಟಿಕರ್ ಹಚ್ಚಿದ ಬಾಟಲಿ ಕೆಳಗೆ ಬಿದ್ದು ಒಡೆದರೆ, ಚೂರುಗಳು ಚೆಲ್ಲಾಪಿಲ್ಲಿ ಆಗುವುದಿಲ್ಲ. ಸ್ಟಿಕರೇ ಅವನ್ನು ಹಿಡಿದುಕೊಂಡಿರುತ್ತದೆ.

ಇಂಥ ನಾನು ಡೆನ್ಮಾರ್ಕಿಗೆ ಹೊರಟದ್ದು ತಿರುಗಾಡಲಿಕ್ಕೆ ಅಲ್ಲ. ಪುಣೆಯ ಹತ್ತಿರ ದೌಂಡದಲ್ಲಿರುವ ನನ್ನ ತಂಗಿ ಶಾಂತಾಳ ಮಗಳು ಅಶ್ವಿನಿ ಅಲ್ಲಿಯ ಒಂದು ಡೈರಿಯಲ್ಲಿ ಚೀಸ್ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಅಲ್ಲಿಯವನೇ ಆದ ಮಿಕೆಲ್ ಎಂಬ ಹುಡುಗನನ್ನು ಮದುವೆಯಾಗಿದ್ದಾಳೆ. ಈಗ ತುಂಬು ಬಸುರಿ. ಕುಬಸ ಆಗಬೇಕು. ಬೆಂಗಳೂರಿನವರು ಸೀಮಂತ ಅನ್ನುತ್ತಾರಲ್ಲ, ಅದು. ತವರಿನವರು ಹೋಗಿ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಬೇಕು. ಶಾಂತಾಗೆ ಮೊಣಕಾಲಿನ ಆಪರೇಷನ್ ಆಗಿ ಮಂಚ ಬಿಟ್ಟು ಇಳಿಯುವಂತಿರಲಿಲ್ಲ. ಅವಳ ಬದಲಿಗೆ ನಾನು ಮತ್ತು ನನ್ನ ಹೆಂಡತಿ ಸರೋಜಾ.

ದೌಂಡಕ್ಕೆ ಹೋದಾಗ ಶಾಂತಾ ಒಂದು ಕೆಂಪು ಬ್ಯಾಗು ಸಿದ್ಧ ಮಾಡಿಟ್ಟಿದ್ದಳು.

"ಅಣ್ಣಾ, ನಾ ಅಂತೂ ಹೋಗೂಹಂಗಿಲ್ಲ. ನನ್ನ ಸೀರಿ ಹೋಗ್ಲಿ. ನನ್ನ ಕುಬಸಕ್ಕ ಅವ್ವ ಉಡಿಸಿದ್ದ ಇಳಕಲ್ ಸೀರಿ ಅದು. ರವಿವಾರ ಅಶ್ವಿನಿ ಅದನ್ನ ಉಟ್ಟು ಕೂತದ್ದನ್ನ ನಾ ಫೋನಿನ್ಯಾಗ ನೋಡಬೇಕು. ಬ್ಯಾರೆ ಏನೂ ಕೇಳೂದಿಲ್ಲ."

"ಇಷ್ಟ ಹೌದಲ್ಲ? ನಾ ಅದೀನಿ, ಬಿಡು."

"ನೀ ಅದಿ ಅಂತನ ಅಂಜಿಕಿ," ಎಂದು ಬ್ಯಾಗಿನ ಕೀಲಿಯನ್ನು ಸರೋಜಾಳ ಕೈಗೆ ಕೊಟ್ಟಳು.

ಟಿಕೀಟಿನಲ್ಲಿ ನನ್ನ ಕೈಚಳಕ ತೋರಿಸಿದ್ದೆ. ಮುಂಬಯಿಯಿಂದ ಜರ್ಮನಿಯವರೆಗೆ ಒಂದು ಕಂಪನಿ, ಜರ್ಮನಿಯಿಂದ ಡೆನ್ಮಾರ್ಕಿಗೆ ಇನ್ನೊಂದು ಅಗ್ಗದ ಕಂಪನಿ. ಈ ಅಗ್ಗದವರು ಏಕೆ ಅಗ್ಗ ಎಂದರೆ ಎಲ್ಲ ಕೆಲಸ ಗಿರಾಕಿಯ ಕೈಯಿಂದಲೇ ಮಾಡಿಸುತ್ತಾರೆ. ಬ್ಯಾಗಿನ ಚೀಟಿಯನ್ನು ಮೇಲ್‌ನಲ್ಲಿ ಕಳಿಸಿ, ನೀವೇ ಛಾಪಿಸಿ, ಮಡಚಿ, ಹಿಡಿಕೆಗೆ ಕಟ್ಟಿಕೊಂಡು ಬನ್ನಿ ಅಂದರು.

"ಹಂಗ ಮಡಚಿ ಕಟ್ಟೂಣಲ್ರಿ," ಎಂದಳು ಸರೋಜಾ.

"ಛಾಪಖಾನಿ ಮಾಲಕನ ಬ್ಯಾಗಿಗೆ ಮಡಚಿದ ಕಾಗದ? ಲೋಕ ಕಾಯ ಮ್ಹಣತೀಲ? ಜನ ನಗೂದಿಲ್ಲೇನು?"

"ಜರ್ಮನ್ಯಾಗ ನಿಮ್ಮನ್ನ ಯಾರು ಗುರ್ತ ಹಿಡೀತಾರ್ರಿ?"

ಮೇಲ್‌ನಲ್ಲಿ ಎರಡು ಪುಟ ಬಂದಿದ್ದವು. ನೋಡಲು ಒಂದೇ ಥರ. ಅದೇ ಪಟ್ಟೆಪಟ್ಟೆಯ ಗೆರೆ, ಅದೇ ಅಕ್ಷರ. ನಮ್ಮ ಧಂದೆಯ ಧರ್ಮ ಏನೆಂದರೆ, ಒಂದು ಡಿಸೈನ್ ಬರುತ್ತದೆ, ಸಾವಿರ ಪ್ರತಿ ಹೋಗುತ್ತದೆ. ಸಾವಿರವೂ ಒಂದರ ಹಾಗೆ ಇನ್ನೊಂದು ಇರಬೇಕು. ಒಂದರಲ್ಲಿ ಒಂದು ಅಂಕಿ ಹೆಚ್ಚುಕಡಿಮೆಯಾದರೂ ಗಿರಾಕಿ ಮಾಲನ್ನು ಮುಖಕ್ಕೆ ಎಸೆದು ಹೋಗುತ್ತಾನೆ. ಹೀಗಾಗಿ ಎರಡನೆಯ ಪುಟ ನಾವು ಇಟ್ಟುಕೊಳ್ಳುವ ಪ್ರತಿ ಅಂದುಕೊಂಡೆ. ಮೊದಲನೆಯದನ್ನೇ ಒಳ್ಳೆಯ ವಿನೈಲ್ ಪ್ಲಾಸ್ಟಿಕ್ ಹಾಳೆಯ ಮೇಲೆ ಛಾಪಿಸಿ, ಮೇಲೆ ಲ್ಯಾಮಿನೇಷನ್ ಕೊಟ್ಟು, ಶಾಂತಾಳ ಕೆಂಪು ಬ್ಯಾಗಿಗೊಂದು, ನನ್ನ ನೀಲಿ ಬ್ಯಾಗಿಗೊಂದು ಎಳೆದು ಹಚ್ಚಿದೆ. ಒಂದು ಗುಳ್ಳೆ ಇಲ್ಲ, ಒಂದು ಸುಕ್ಕು ಇಲ್ಲ. ದೂರ ನಿಂತು ನೋಡಿದೆ. ಮದುವೆಗೆ ಹೊರಟ ಬೀಗರ ಹಾಗೆ ಕಾಣುತ್ತಿದ್ದವು ಎರಡೂ.

ಜರ್ಮನಿ: ಬೆಲ್ಟಿನ ಬಾಯಿ

ಮುಂಬಯಿಯಿಂದ ಜರ್ಮನಿಯವರೆಗೆ ತೊಂದರೆಯಿಲ್ಲ. ಮೊದಲ ಕಂಪನಿಯವರು ತಮ್ಮದೇ ಚೀಟಿ ಕಟ್ಟಿದರು, ಅಲ್ಲಿ ಇಳಿದ ಮೇಲೆ ಅದನ್ನು ಹರಿದೊಗೆದೆ. ಕಥೆ ಶುರುವಾದದ್ದು ಅಗ್ಗದವರ ಬಾಗಿಲಲ್ಲಿ.

ಅಲ್ಲಿ ಕೌಂಟರ್ ಇತ್ತು, ಕೌಂಟರಿನ ಹಿಂದೆ ಮನುಷ್ಯ ಇರಲಿಲ್ಲ. ಸಾಲಾಗಿ ಮಷಿನ್‌ಗಳು ಬಾಯಿ ತೆರೆದುಕೊಂಡು ನಿಂತಿದ್ದವು. ಜನ ಸುಮ್ಮನೆ ಬಂದು, ಬ್ಯಾಗನ್ನು ಬಾಯಿಗಿಟ್ಟು, ಸುಮ್ಮನೆ ಹೋಗುತ್ತಿದ್ದರು. ಮಾತಿಲ್ಲ, ಕತೆಯಿಲ್ಲ. ನಮ್ಮ ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಯಾವುದು ಅಂತ ಒಬ್ಬರನ್ನು ಕೇಳಿದರೆ ನಾಲ್ವರು ಉತ್ತರ ಹೇಳುತ್ತಾರೆ, ಐದನೆಯವರು ಆ ನಾಲ್ವರನ್ನು ಬೈಯುತ್ತಾರೆ. ಇಲ್ಲಿ ನನಗೆ ಕೈಕಾಲು ಕಟ್ಟಿದಂತಾಯಿತು. ಬ್ಯಾಗಿನ ತೂಕ ಒಂದಿಷ್ಟು ಹೆಚ್ಚಿದೆ ಎಂದು ನನಗೆ ಗೊತ್ತಿತ್ತು, ಎದುರಿನವರೊಡನೆ ಮಾತಾಡಿ ಸರಿಮಾಡಿಕೊಂಡರಾಯಿತು ಎಂಬ ಧೈರ್ಯದ ಮೇಲೆ ತುಂಬಿದ್ದೆ. ಚೌಕಾಶಿ ಮಾಡಲು ಎದುರಿಗೆ ಎರಡು ಕಣ್ಣು ಬೇಕು, ಏರಿ ಇಳಿಯುವ ಹುಬ್ಬು ಬೇಕು. ಮಷಿನ್ನಿಗೆ ಹುಬ್ಬು ಎಲ್ಲಿಂದ ತರುವುದು?

ಕೆಂಪು ಬ್ಯಾಗು ಇಟ್ಟೆ. ಹಸಿರು ದೀಪ. ಮಷಿನ್ ಅದನ್ನು ನುಂಗಿತು. ತೂಕದ ತಕರಾರೇ ಬರಲಿಲ್ಲ. ನೀಲಿ ಬ್ಯಾಗು ಇಟ್ಟೆ. ಕೆಂಪು ದೀಪ. ಪರದೆಯ ಮೇಲೆ ಬರೆದಿತ್ತು, 'ಈ ಬ್ಯಾಗನ್ನು ಈಗಾಗಲೇ ಸ್ವೀಕರಿಸಲಾಗಿದೆ.'

"ನೋಡ್ರಿ," ಎಂದಳು ಸರೋಜಾ, "ಇನ್ನೂ ಒಳಗ ಹೋಗಿಲ್ಲ, ಆಗಲೇ ಮುಟ್ಟೇದ ಅನ್ಲಿಕತ್ತದ. ಭಾಳ ಫಾಸ್ಟ್ ಅದಾರ ಇಲ್ಲೆ."

ಎಲ್ಲಿಂದಲೋ ಹಳದಿ ಜಾಕೀಟಿನ ಒಬ್ಬ ಹುಡುಗಿ ಓಡಿ ಬಂದಳು. ಅಂತೂ ಒಂದು ಮನುಷ್ಯಪ್ರಾಣಿ! ನನಗೆ ಜೀವ ಬಂತು. ಆಕೆ ಚೀಟಿ ನೋಡಿ ಹೇಳಿದ್ದು ಇಷ್ಟು: ಪ್ರತಿ ಬ್ಯಾಗಿಗೂ ಬೇರೆ ನಂಬರು ಇರಬೇಕು, ನೀವು ಎರಡಕ್ಕೂ ಒಂದೇ ನಂಬರು ಹಚ್ಚಿದ್ದೀರಿ. ಆಕೆಯೇ ಒಂದು ಹೊಸ ಚೀಟಿ ತೆಗೆದು ನೀಲಿ ಬ್ಯಾಗಿನ ಹಿಡಿಕೆಗೆ ಕಟ್ಟಿದಳು. "ಈಗ ಹಳೆಯದನ್ನು ಕಿತ್ತುಬಿಡಿ," ಎಂದಳು.

ನಾನು ಎಳೆದೆ. ಬರಲಿಲ್ಲ. ಆಕೆ ಮೂಲೆಗೆ ಉಗುರು ಹಾಕಿದಳು. ಉಗುರು ಮುರಿಯಿತು. ಆಕೆ ಬೆರಳು ಬಾಯಲ್ಲಿಟ್ಟುಕೊಂಡು ನನ್ನ ಮುಖ ನೋಡಿದಾಗ ನಾನು ತಡೆಯಲಾರದೆ ಕಿಸೆಯಿಂದ ವಿಸಿಟಿಂಗ್ ಕಾರ್ಡ್ ತೆಗೆದು ಕೊಟ್ಟೆ. "ಮೇಡಂ, ನಮ್ಮದೇ ಅಂಟು. ದೊಡ್ಡ ಆರ್ಡರ್ ಇದ್ದರೆ ಹೇಳಿ."

ಸರೋಜಾ ಆ ಕಡೆ ಮುಖ ತಿರುಗಿಸಿದಳು.

ಹುಡುಗಿ ಒಂದು ಖಾಲಿ ಬಿಳಿ ಸ್ಟಿಕರ್ ತಂದು ನನ್ನ ಸ್ಟಿಕರಿನ ಮೇಲೆ ಹಚ್ಚಿ ಮುಚ್ಚಿದಳು. ಆಕೆಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ನಮ್ಮ ಲ್ಯಾಮಿನೇಷನ್ ಮೇಲೆ ಬೇರೆ ಯಾವ ಅಂಟೂ ನಿಲ್ಲುವುದಿಲ್ಲ, ಧೂಳು ಕೂಡ ನಿಲ್ಲುವುದಿಲ್ಲ. ನಾನು ಹೇಳಬೇಕು ಅನ್ನುವಷ್ಟರಲ್ಲಿ ಬೆಲ್ಟು ಸರಿಯಿತು. ನೀಲಿ ಬ್ಯಾಗು ಒಳಗೆ ಹೋಗುತ್ತಿದ್ದಂತೆ ಬಿಳಿ ಸ್ಟಿಕರಿನ ಒಂದು ಮೂಲೆ ಮೆಲ್ಲಗೆ ಮೇಲೆದ್ದು, ನನಗೆ ಟಾಟಾ ಮಾಡಿತು.

ಡೆನ್ಮಾರ್ಕ್: ಬಂದದ್ದು ಕಾಣುವುದಿಲ್ಲ

ನಾವಿಳಿದ ಊರಿನ ವಿಮಾನ ನಿಲ್ದಾಣ ದೌಂಡದ ರೈಲ್ವೆ ಸ್ಟೇಷನ್‌ಗಿಂತ ಚಿಕ್ಕದು. ಗದ್ದಲವಂತೂ ಅದರ ಚೂರೂ ಇಲ್ಲ. ಬೆಲ್ಟಿನ ಮೇಲೆ ಮೊದಲೇ ಬಂದದ್ದು ನನ್ನ ನೀಲಿ ಬ್ಯಾಗು. ಬಿಳಿ ಸ್ಟಿಕರ್ ಉದುರಿಹೋಗಿತ್ತು, ಹಿಡಿಕೆಗೆ ಕಟ್ಟಿದ ಚೀಟಿಯೂ ಹರಿದುಹೋಗಿತ್ತು. ನನ್ನದು ಫಳಫಳ ಹೊಳೆಯುತ್ತಿತ್ತು. ಉಳಿದವರೆಲ್ಲ ತಮ್ಮ ತಮ್ಮ ಬ್ಯಾಗು ಎತ್ತಿಕೊಂಡು ಹೋದರು. ಬೆಲ್ಟು ನಿಂತಿತು. ಕೆಂಪು ಬ್ಯಾಗು ಬರಲಿಲ್ಲ.

ಸರೋಜಾ ಕೊರಳಲ್ಲಿದ್ದ ಕೀಲಿಯನ್ನು ಮುಟ್ಟಿ ನೋಡಿಕೊಂಡಳು. ಬೈದಿದ್ದರೇ ಚೆನ್ನಾಗಿತ್ತು.

ಮೂಲೆಯಲ್ಲಿ ಕಳೆದ ಸಾಮಾನಿನ ಕಿಟಕಿ. ಒಳಗೆ ಬಿಳಿಗೂದಲಿನ ಒಬ್ಬ ಹೆಂಗಸು, ನಮ್ಮ ಪುಣೆಯ ಮಾತಿನಲ್ಲಿ ಬಾಯಿ, ದಾರ ಕಟ್ಟಿದ ಚಷ್ಮಾ. ಕಂಪ್ಯೂಟರ್ ನೋಡಿ ಬಹಳ ಮರ್ಯಾದೆಯಿಂದ ಹೇಳಿದಳು. "ನಿಮ್ಮ ಕೆಂಪು ಬ್ಯಾಗು ಬಂದು ಮುಟ್ಟಿದೆ. ಆದರೆ ಕ್ಷಮಿಸಿ, ನೀಲಿ ಬ್ಯಾಗು ಕಳೆದಿದೆ."

"ನೀಲಿ ಬ್ಯಾಗು ಇದೇ," ಎಂದು ಎತ್ತಿ ತೋರಿಸಿದೆ.

ಆಕೆ ಅದನ್ನು ನೋಡಿದಳು, ಕಂಪ್ಯೂಟರ್ ನೋಡಿದಳು. "ಇದು ಕೆಂಪು ಬ್ಯಾಗಿನ ನಂಬರು."

ಆದದ್ದು ಇಷ್ಟು. ಜರ್ಮನಿಯ ಒಳಗಿನ ಮಷಿನ್ನು ಹಿಡಿಕೆಗೆ ಕಟ್ಟಿದ ಹೊಸ ಚೀಟಿಯನ್ನು ಬಿಟ್ಟು, ಹೊಳೆಯುವ ನನ್ನ ಸ್ಟಿಕರನ್ನೇ ಓದಿತ್ತು. ನೀಲಿ ಬ್ಯಾಗು ಕೆಂಪಿನ ಹೆಸರಿನಲ್ಲಿ ವಿಮಾನ ಹತ್ತಿತು. ಒಳಗೆಲ್ಲೋ ಹಿಂದೆ ಬಿದ್ದಿದ್ದ ನಿಜವಾದ ಕೆಂಪು ಆಮೇಲೆ ಬಂದಾಗ, ಈ ನಂಬರಿನವರು ಆಗಲೇ ಹೋದರಲ್ಲ ಎಂದು ಅದನ್ನು ಬದಿಗೆ ಸರಿಸಿಟ್ಟಿತ್ತು.

"ನೀಲಿಯನ್ನು ಹುಡುಕಲು ಈಗಲೇ ಹೇಳುತ್ತೇನೆ," ಎಂದಳು ಬಾಯಿ.

"ಬೇಡ ಮೇಡಂ, ನೀಲಿ ನನ್ನ ಕೈಯಲ್ಲಿದೆ. ಕೆಂಪನ್ನು ಹುಡುಕಿ."

"ಬಂದು ಮುಟ್ಟಿದ ಬ್ಯಾಗನ್ನು ಹುಡುಕಲು ಕಂಪ್ಯೂಟರ್ ಬಿಡುವುದಿಲ್ಲ."

"ಮುಟ್ಟಿಲ್ಲ!"

"ಮುಟ್ಟಿಲ್ಲ ಅನ್ನುವುದಕ್ಕೆ ಏನಾದರೂ ಪುರಾವೆ ಇದೆಯೇ?"

ಎರಡೂ ಖಾಲಿ ಕೈ ಮುಂದೆ ಚಾಚಿದೆ. ಇಲ್ಲದ್ದನ್ನು ಇದಕ್ಕಿಂತ ಚೆನ್ನಾಗಿ ತೋರಿಸಲು ನನಗೆ ಬರುವುದಿಲ್ಲ. ಕುಬಸ ಅಂದೆ, ಬಸುರಿ ಅಂದೆ, ತಂಗಿಯ ಮೊಣಕಾಲು ಅಂದೆ. ಆಕೆ ಎಲ್ಲವನ್ನೂ ಕೇಳಿ, ನಿಜವಾಗಿ ಮರುಗಿ, ಮತ್ತೆ ಅದೇ ದರ ಹೇಳಿದಳು.

ಹೊರಗೆ ಮಿಕೆಲ್ ಕಾರು ತಂದು ನಿಂತಿದ್ದ. ಅವನ ಮುಖ ನೋಡಬೇಕಾದರೆ ನಾನು ಟೋಪಿ ಹಿಡಿದುಕೊಳ್ಳಬೇಕು, ಅಷ್ಟು ಎತ್ತರ. "ಮಾಮಾ, ಆರಾಮ ಅದೀರಿ?" ಎಂದ, ಅಶ್ವಿನಿ ಕಲಿಸಿದ ಕನ್ನಡದಲ್ಲಿ.

"ಆರಾಮ ಇಲ್ಲಪಾ," ಎಂದೆ. ಆ ಉತ್ತರವನ್ನು ಅವಳು ಕಲಿಸಿರಲಿಲ್ಲ. ಅವನು ನಕ್ಕು ಬ್ಯಾಗು ಎತ್ತಿಕೊಂಡ.

ಮನೆ ಮುಟ್ಟುವುದರೊಳಗೆ ಶಾಂತಾಳ ಫೋನು.

"ಬ್ಯಾಗ್ ಬಂತೇನಣ್ಣಾ?"

"ಬಂದದ ಅಂತ ಕಂಪ್ಯೂಟರ್ ಹೇಳ್ತದ."

"ಕಂಪ್ಯೂಟರ್ ಕಟಗೊಂಡು ನನಗೇನು? ನಿನ್ನ ಕಣ್ಣು ಏನ್ ಹೇಳ್ತಾವ?"

"ಹಲೋ? ಹಲೋ? ಇಲ್ಲೆ ನೆಟ್‌ವರ್ಕ್ ಸರಿ ಇಲ್ಲ ಶಾಂತಾ," ಎಂದು ಫೋನಿಟ್ಟೆ. ಅಷ್ಟು ಸ್ವಚ್ಛ ನೆಟ್‌ವರ್ಕನ್ನು ನಾನು ಪುಣೆಯಲ್ಲಿ ಕಂಡದ್ದೇ ಇಲ್ಲ.

ಅಶ್ವಿನಿ ಸಮಾಧಾನ ಹೇಳಿದಳು. "ಇರ್ಲಿ ಬಿಡ್ರಿ ಮಾಮಾ. ಯಾವುದರ ಹಸಿರು ಬಟ್ಟಿ ಉಟಗೊಂಡ್ರಾತು." ಆದರೆ ಹೇಳುವಾಗ ನನ್ನ ಕಡೆ ನೋಡಲಿಲ್ಲ. ಸೀರೆಯ ಜೊತೆ ಹಾಕಿಕೊಳ್ಳಲೆಂದು ತೆಗೆದಿಟ್ಟ ಸರವನ್ನು ಮತ್ತೆ ಡಬ್ಬಿಯೊಳಗಿಟ್ಟಳು.

ಮೊಟ್ಟೆಯ ಗೂಡು

ಮರುದಿನ ಶನಿವಾರ. ಮನೆಯಲ್ಲಿ ಕೂಡಲಾರದೆ ಸರೋಜಾಳೊಂದಿಗೆ ಊರ ಹೊರಗಿನ ರಸ್ತೆಯಲ್ಲಿ ನಡೆದೆ. ಈ ದೇಶದವರು ಚಳಿಯಲ್ಲಿ ಕೂಸಿನ ಗಾಡಿಯನ್ನು ಅಂಗಡಿಯ ಹೊರಗೆ ನಿಲ್ಲಿಸಿ, ಕೂಸು ಅದರೊಳಗೆ ನಿದ್ದೆ ಮಾಡುತ್ತಿರಲು, ತಾವು ಒಳಗೆ ಕುಳಿತು ಕಾಫಿ ಕುಡಿಯುತ್ತಾರೆ. ನಮ್ಮಲ್ಲಿ ಸೈಕಲ್ಲನ್ನೂ ಹೀಗೆ ಬಿಡುವುದಿಲ್ಲ.

ಒಂದು ತೋಟದ ಮುಂದೆ ಮರದ ಗೂಡು. ಅದರೊಳಗೆ ಮೊಟ್ಟೆ, ಬಟಾಟೆ, ಪಕ್ಕದಲ್ಲಿ ದುಡ್ಡು ಹಾಕುವ ಡಬ್ಬಿ. ಮಾಲಕರು ಇಲ್ಲ. ದರ ಬರೆದ ಹಲಗೆ ಮಾತ್ರ ಇದೆ. ನಾನು ನಿಂತೇ ಇದ್ದೆ.

"ಯಾರನ್ನ ಕಾಯ್ಲಿಕತ್ತೀರಿ?"

"ಮಾಲಕನ್ನ."

"ಯಾಕ?"

"ಎರಡು ಮೊಟ್ಟಿ ಹೆಚ್ಚಿಗಿ ಕೊಡು ಅಂತ ಕೇಳಲಿಕ್ಕೆ."

"ಡಬ್ಬೀನ ಕೇಳ್ರಿ. ನಿನ್ನೆ ಕಂಪ್ಯೂಟರ್ ಜೋಡಿ ಮಾತಾಡಿ ರೂಢಿ ಆಗೇದಲ್ಲ."

ಅಷ್ಟರಲ್ಲಿ ತೋಟದ ಹೆಂಗಸು ಸೈಕಲ್ ಮೇಲೆ ಬಂದಳು. ನಾನು ವ್ಯಾಪಾರಿಯಾಗಿ ಕೇಳಿಯೇಬಿಟ್ಟೆ. "ಯಾರಾದರೂ ತಪ್ಪು ಮಾಲು ಒಯ್ದರೆ ನಿಮಗೆ ಹೇಗೆ ಗೊತ್ತಾಗುತ್ತದೆ?"

"ಗೊತ್ತಾಗುವುದಿಲ್ಲ," ಎಂದಳು ಆಕೆ ಸಲೀಸಾಗಿ. "ಒಮ್ಮೆ ನೆರೆಯವರಿಗೆಂದು ಹೆಸರು ಬರೆದು ಎತ್ತಿಟ್ಟಿದ್ದ ಪೆಟ್ಟಿಗೆಯನ್ನು ಬೇರೆ ಯಾರೋ ಒಯ್ದರು. ಪೆಟ್ಟಿಗೆ ಹೋಗಿದೆ, ನೆರೆಯವರಿಗೆ ಮುಟ್ಟಿದೆ ಅಂದುಕೊಂಡು ನಾನು ಸುಮ್ಮನಿದ್ದೆ. ಒಯ್ದವರು ವಾಪಸ್ ತಂದು 'ಇದು ನಮ್ಮದಲ್ಲ' ಅಂದಾಗಲೇ ಗೊತ್ತಾದದ್ದು, ನೆರೆಯವರಿಗೆ ಮುಟ್ಟಿಲ್ಲ ಅಂತ."

ಮೊಟ್ಟೆಗಳನ್ನು ಅಲ್ಲಿಯೇ ಬಿಟ್ಟು ನಾನು ಮನೆಯ ಕಡೆ ಓಡಿದೆ. ಹಿಂದಿನಿಂದ ಸರೋಜಾ ಕೂಗುತ್ತಿದ್ದಳು, "ಏನಾತ್ರೀ? ಹುಚ್ಚು ಹಿಡೀತೇನು?"

ಮತ್ತೆ ಅದೇ ಕಿಟಕಿ

ಮಿಕೆಲ್ ನಮ್ಮನ್ನು ಮತ್ತೆ ನಿಲ್ದಾಣಕ್ಕೆ ಒಯ್ದ. ನೀಲಿ ಬ್ಯಾಗನ್ನು ಬೀಗ ಕೂಡ ತೆಗೆಯದೆ, ಬಂದ ಹಾಗೆಯೇ ಕಿಟಕಿಯ ಮುಂದೆ ಇಟ್ಟೆ. ಅದೇ ಬಿಳಿಗೂದಲಿನ ಬಾಯಿ.

"ಮೇಡಂ, ಕೆಂಪು ಬ್ಯಾಗಿನ ಹೆಸರಿನಲ್ಲಿ ನನಗೆ ಇದನ್ನು ಕೊಟ್ಟಿದ್ದೀರಿ. ಇದು ಕೆಂಪು ಅಲ್ಲ. ವಾಪಸ್ ತಗೊಳ್ಳಿ."

ಆಕೆಯ ಹುಬ್ಬು ಮೇಲೇರಿತು. ಜರ್ಮನಿ ಬಿಟ್ಟ ಮೇಲೆ ನಾನು ಕಂಡ ಮೊದಲ ಹುಬ್ಬು.

"ಅಂದರೆ ಇದು ನಿಮ್ಮದಲ್ಲವೇ?"

ಸರೋಜಾ ನನ್ನ ತೋಳು ಹಿಡಿದಳು. ಆ ಬ್ಯಾಗಿನೊಳಗೆ ನನ್ನ ಎಲ್ಲ ಬಟ್ಟೆ, ಕುಬಸಕ್ಕೆಂದು ಇಸ್ತ್ರಿ ಮಾಡಿಸಿದ ರೇಷ್ಮೆ ಜುಬ್ಬಾ, ಜರಿ ಧೋತರ, ಶೇಂಗಾ ಚಟ್ನಿ ಇದ್ದವು. ಅಶ್ವಿನಿಯ ಡೈರಿಯವರಿಗೆ ತೋರಿಸಿ ಆರ್ಡರ್ ಹಿಡಿಯಬೇಕೆಂದು ತಂದ ಸ್ಯಾಂಪಲ್ ಪುಸ್ತಕವೂ ಇತ್ತು.

"ಅಲ್ಲ," ಎಂದೆ. "ಇದು ನನ್ನದಲ್ಲ."

ಬಾಯಿ ಕಂಪ್ಯೂಟರಿನಲ್ಲಿ ಟಕಟಕ ಒತ್ತಿದಳು. 'ಮುಟ್ಟಿದೆ' ಅನ್ನುವುದು ಅಳಿಸಿಹೋಯಿತು. ಕೆಂಪು ಬ್ಯಾಗು ಈಗ ಅಧಿಕೃತವಾಗಿ ಕಳೆಯಿತು. ಕಳೆದದ್ದಕ್ಕೆ ನಾವು ಮೂವರೂ ಖುಷಿಪಟ್ಟೆವು. ಸ್ವಲ್ಪ ಹೊತ್ತಿಗೆ ಜರ್ಮನಿಯಿಂದ ಉತ್ತರ ಬಂತು, ಅದೇ ನಂಬರಿನ ಒಂದು ಕೆಂಪು ಬ್ಯಾಗು ಇಲ್ಲಿ ಗೋಡೆಗೆ ಒರಗಿ ನಿಂತಿದೆ, ನಾಳೆ ಬೆಳಗಿನ ವಿಮಾನಕ್ಕೆ ಹಾಕುತ್ತೇವೆ.

ಕೆಲಸ ಆಯಿತಲ್ಲ, ಇನ್ನು ನನ್ನ ಹಳೆಯ ಚಟ. "ಮೇಡಂ, ಒಂದೇ ಒಂದು ನಿಮಿಷ ಈ ನೀಲಿ ಬ್ಯಾಗು ತೆರೆದು, ಒಂದು ಜುಬ್ಬಾ..."

"ನಿಮ್ಮದಲ್ಲದ ಬ್ಯಾಗನ್ನು ನೀವು ತೆರೆಯುವಂತಿಲ್ಲ."

"ಇದರ ಮಾಲಕ ನನಗೆ ಪರಿಚಯ."

"ಹಾಗಾದರೆ ಅವರಿಗೆ ತಿಳಿಸಿ. ಸೋಮವಾರ ಬಂದು ದೂರು ಕೊಡಲಿ."

"ಒಳ್ಳೆಯ ಮನುಷ್ಯ. ತಪ್ಪು ತಿಳಿಯುವುದಿಲ್ಲ."

"ಹಾಗಿದ್ದರೆ ಕಾಯುತ್ತಾರೆ," ಎಂದು ಚಷ್ಮಾದ ಮೇಲಿನಿಂದ ನನ್ನನ್ನು ನೋಡಿ, ಎಳ್ಳಷ್ಟು ನಕ್ಕು, ಬ್ಯಾಗನ್ನು ಒಳಗೆ ಎಳೆದುಕೊಂಡಳು. ಆಕೆಗೆ ಎಲ್ಲವೂ ಗೊತ್ತಿತ್ತು ಎಂದೇ ನನ್ನ ನಂಬಿಕೆ. ಪುಣೆಯ ತುಳಶಿಬಾಗ ಪೇಟೆಯಲ್ಲಿ ಅಂಗಡಿ ಹಾಕಿದ್ದರೆ ಆ ಬಾಯಿ ಇಷ್ಟು ಹೊತ್ತಿಗೆ ಅಕ್ಕಪಕ್ಕದ ಅಂಗಡಿಗಳನ್ನೂ ಕೊಂಡುಬಿಟ್ಟಿರುತ್ತಿದ್ದಳು.

ರವಿವಾರ

ಅತಿಥಿಗಳು ಬಂದು ಬಾಗಿಲಲ್ಲಿ ಬೂಟು ಕಳಚುತ್ತಿದ್ದಾಗ ಗಂಟೆ ಬಾರಿಸಿತು. ತೆರೆದರೆ ಮೆಟ್ಟಿಲ ಮೇಲೆ ಕೆಂಪು ಬ್ಯಾಗು. ತಂದವನು ಆಗಲೇ ಗಾಡಿ ಹತ್ತಿ ಕೈ ಬೀಸುತ್ತಿದ್ದ. ಚಹಾ ಕುಡಿದು ಹೋಗು ಎನ್ನಲೂ ಬಿಡಲಿಲ್ಲ.

ಸರೋಜಾ ಕೀಲಿ ತೆಗೆದಳು. ಬಳೆ ಒಂದೂ ಒಡೆದಿರಲಿಲ್ಲ. ಅಶ್ವಿನಿ ಅಜ್ಜಿಯ ಹಸಿರು ಇಳಕಲ್ ಉಟ್ಟು, ಆ ಸರ ಹಾಕಿಕೊಂಡು ಬಂದು ಕುಳಿತಳು. ಮಿಕೆಲ್‌ನ ತಾಯಿ ಕುಂಕುಮ ಹಚ್ಚಲು ಬಗ್ಗಿ, ಎಷ್ಟು ಹಚ್ಚಬೇಕು ಎಂದು ಸರೋಜಾಳನ್ನು ಕೇಳಿ, ಹೇಳಿದಷ್ಟೇ ಹಚ್ಚಿದಳು. ಚೌಕಾಶಿ ಇಲ್ಲದ ದೇಶ.

ನಾನು ಫೋನ್ ಹಿಡಿದು ಶಾಂತಾಗೆ ತೋರಿಸುತ್ತಿದ್ದೆ. ಆ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡಿದ್ದೆ, ಫೋನ್ ಹಿಡಿದವನು ಫೋನಿನಲ್ಲಿ ಕಾಣುವುದಿಲ್ಲ. ದೌಂಡದ ಮಂಚದ ಮೇಲೆ ಶಾಂತಾ ಫೋನನ್ನು ಕಣ್ಣಿನ ಹತ್ತಿರ ತಂದುಕೊಂಡಳು. ಆಮೇಲೆ, "ಅವ್ವನ ಸೀರಿ," ಎಂದಳು. ಅಷ್ಟೇ. ಮತ್ತೆ ಒಮ್ಮೆಲೇ, "ಉಡಿ ತುಂಬೂ ಹೊತ್ತಾತು. ಅಣ್ಣಾ, ಸೋದರಮಾವ ಎಲ್ಲಿದಿ? ಮುಂದ ಬಾ."

"ನೀವು ಹೆಂಗಸರು ಮೊದಲ..."

"ಮುಂದ ಬಾ ಅಂದೆ!"

ಫೋನು ಮಿಕೆಲ್‌ನ ಕೈಗೆ ಹೋಯಿತು. ನಾನು ಮುಂದೆ ಹೋದೆ. ಅವನ ಉಣ್ಣೆಯ ಅಂಗಿ ನನಗೆ ಮೊಣಕಾಲಿನವರೆಗೆ ಬರುತ್ತಿತ್ತು. ತೋಳಿನೊಳಗಿಂದ ಕೈ ಹುಡುಕಿ ತೆಗೆದು ಅಕ್ಷತೆ ಹಾಕಬೇಕಾಯಿತು. ಪ್ಯಾಂಟನ್ನು ಮಡಚಿ ಮಡಚಿ ಕಾಲಿಗೆ ಎರಡು ದಿಂಬು ಕಟ್ಟಿದಂತೆ ಆಗಿತ್ತು.

"ಇದ್ಯಾರ ಅಂಗಿ?" ಎಂದಳು ಶಾಂತಾ.

"ಇಲ್ಲೆ ಥಂಡಿ ಭಾಳ ಅದ."

"ಥಂಡಿಗೆ ಅಂಗಿ ಉದ್ದ ಆಗ್ತದೇನು? ನಿನ್ನ ಬ್ಯಾಗ್ ಎಲ್ಲದ?"

ನಾನು ಸರೋಜಾಳ ಮುಖ ನೋಡಿದೆ. ಆಕೆ ಫೋನಿನ ಹತ್ತಿರ ಬಂದು ಹೇಳಿದಳು. "ನಿಮ್ಮಣ್ಣಾರು ಜನ್ಮದಾಗ ಮೊದಲನೇ ಸಲ ಎದುರಿನವರು ಹೇಳಿದ ರೇಟಿಗೇ ಹೂಂ ಅಂದು ಬಂದಾರ, ಶಾಂತಾ. ನಿನ್ನ ಕೆಂಪು ಬ್ಯಾಗಿಗೆ ತಮ್ಮ ನೀಲಿ ಬ್ಯಾಗ್ ಕೊಟ್ಟು."

ಎಲ್ಲ ಕಥೆ ಹೇಳಿದ ಮೇಲೆ ಶಾಂತಾ ನಗಲು ಶುರುಮಾಡಿದಳು. "ನಗಸಬ್ಯಾಡ್ರಿ, ಕಾಲು ನೋಯ್ತದ," ಅನ್ನುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಒರೆಸುವುದು ನಗು ಮುಗಿದ ಮೇಲೂ ನಡೆದಿತ್ತು.

ಶಿವಾಜಿನಗರ, ಮತ್ತೆ

ಸೋಮವಾರ ನೀಲಿ ಬ್ಯಾಗಿನ ಮಾಲಕನಾಗಿ ಹೋಗಿ ದೂರು ಕೊಟ್ಟೆ. ಬಿಳಿಗೂದಲಿನ ಬಾಯಿ ನನ್ನನ್ನು ಹೊಸಬನ ಹಾಗೆ ಮಾತಾಡಿಸಿದಳು. ಆದರೆ ಬ್ಯಾಗು ಅಷ್ಟರಲ್ಲಿ ಮಾಲಕನನ್ನು ಹುಡುಕಿಕೊಂಡು ಅಲ್ಲಿಂದ ಹೊರಟುಹೋಗಿತ್ತು. ನಾವು ಪುಣೆಗೆ ಬಂದು, ನಾನು ಅದನ್ನು ಮರೆತೇಬಿಟ್ಟ ಮೇಲೆ ಒಂದು ದಿನ ಅಂಗಡಿಯ ಮುಂದೆ ಕೊರಿಯರಿನವನು ಬಂದು ನಿಂತ. ಬ್ಯಾಗಿಗೆ ಒಂದು ಚಕ್ರ ಇರಲಿಲ್ಲ, ಹಿಡಿಕೆ ಮುರಿದಿತ್ತು, ನಾನು ಕಾಣದ ಊರುಗಳ ಚೀಟಿಗಳು ಜೋತಾಡುತ್ತಿದ್ದವು. ನನ್ನ ಸ್ಟಿಕರಿಗೆ ಮಾತ್ರ ಒಂದು ಗೀರೂ ಇಲ್ಲ.

ಅವನು ತನ್ನ ಕಾಗದ ನೋಡಿದ, ಸ್ಟಿಕರ್ ನೋಡಿದ. "ಶೇಠ, ನಂಬರ ಜುಳತ ನಾಹೀ, ಕಾಗದಕ್ಕೂ ಇದಕ್ಕೂ ತಾಳಿ ಆಗೂದಿಲ್ಲ. ಇದು ನಿಮ್ಮದ ಬ್ಯಾಗ್ ಅನ್ನೂದಕ್ಕ ಏನರ ಗುರ್ತು ಅದ ಏನ್ರಿ?"

ನಾನು ಕುರ್ಚಿಯಿಂದ ಏಳಲಿಲ್ಲ. "ಆ ಸ್ಟಿಕರ್ ಕಿತ್ತು ನೋಡಪಾ," ಎಂದೆ. "ಬಂತಂದ್ರ ನನ್ನದಲ್ಲ."

ಅವನು ಒಂದು ಮೂಲೆಗೆ ಉಗುರು ಹಾಕಿದ. ಇನ್ನೊಂದು ಮೂಲೆಗೆ ಹಾಕಿದ. ಆಮೇಲೆ ಬೆರಳಿಗೆ ಉಫ್ ಎಂದು ಊದುತ್ತ ಸಹಿಗಾಗಿ ಪೆನ್ನು ಮುಂದೆ ಹಿಡಿದ.